ನಗೋದು ಎಲ್ಲಿ?

ಪ್ರಶ್ನೆ ಯಾವಾಗಲೂ ಒಂದೇ. "ಸಾರ್, ನೀವು ಹೇಳಿದ ಆ ಫ್ರೆಂಚ್ ಸಿನಿಮಾ ನೋಡಿದೆ. ಕಾಮಿಡಿ ಅಂದಿದ್ರಿ. ನಗೋದು ಎಲ್ಲಿ?"

15 ವರ್ಷದಿಂದ ಇದಕ್ಕೆ ಬಾಯಲ್ಲೇ ಉತ್ತರ ಕೊಡುತ್ತಾ ಬಂದಿದ್ದೇನೆ. ಆಫೀಸಿನ ಕ್ಯಾಂಟೀನಿನಲ್ಲಿ ಕೊಟ್ಟಿದ್ದೇನೆ. ಮದುವೆ ಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುತ್ತಾ ಕೊಟ್ಟಿದ್ದೇನೆ. ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡೇ ಕೊಟ್ಟಿದ್ದೇನೆ. ಸಾಕಾಗಿದೆ. ಇನ್ನು ಮುಂದೆ ಯಾರು ಕೇಳಿದರೂ ಇದನ್ನು ಕಳಿಸುತ್ತೇನೆ. ಓದುವಷ್ಟು ತಾಳ್ಮೆ ಇಲ್ಲದವರಿಗೆ ಸಿನಿಮಾ ನೋಡುವ ತಾಳ್ಮೆಯೂ ಇರಲಿಲ್ಲ ಅಂತ ನಾನು ತಿಳಿದುಕೊಳ್ಳುತ್ತೇನೆ.

ಸಿನಿಮಾ ಹೆಸರು 'ಲಾ ರೆಗ್ಲ್ ದು ಜು'. ಆಟದ ನಿಯಮ ಅಂತ ಅರ್ಥ. 1939ರದ್ದು. ನಿರ್ದೇಶಕ ಜಾನ್ ರೆನ್ವಾರ್. ಆ ಹೆಸರನ್ನು ಹೇಗೆ ಉಚ್ಚರಿಸಬೇಕು ಅನ್ನುವುದು ಜನ ಕೇಳುವ ಎರಡನೇ ಪ್ರಶ್ನೆ. ಉತ್ತರ: ನಾನು ಹೇಳುವ ಹಾಗಂತೂ ಅಲ್ಲ.

ಮೊದಲನೇ ಪ್ರಶ್ನೆಗೆ ಬರೋಣ. ನನಗೆ ರೇಗುವುದು ಪ್ರಶ್ನೆಗಲ್ಲ, ಅದರಲ್ಲಿರುವ 'ಎಲ್ಲಿ'ಗೆ. ಬಸ್ ಸ್ಟ್ಯಾಂಡಿನಲ್ಲಿ ಇಳಿದು ಟಾಯ್ಲೆಟ್ ಎಲ್ಲಿ ಅಂತ ಕೇಳಿದ ಹಾಗೆ. ತೋರಿಸಿದರೆ ಹೋಗಿ ಮುಗಿಸಿಕೊಂಡು ಬರುತ್ತಾರೆ. ಒಬ್ಬ ಮಹಾಶಯ ನಿಮಿಷ ಕೇಳಿದ. "ಎಷ್ಟನೇ ನಿಮಿಷ ಅಂತ ಹೇಳಿ ಸಾರ್, ಅಲ್ಲಿಗೇ ಹೋಗಿ ನೋಡ್ತೀನಿ." ಇನ್ನೊಬ್ಬ ಒಂದೂವರೆ ಪಟ್ಟು ಸ್ಪೀಡಿನಲ್ಲಿ ನೋಡಿ ಬಂದು, ಎಲ್ಲರೂ ಯಾಕೆ ಅಷ್ಟು ಓಡಾಡ್ತಾರೆ ಅಂತ ಕೇಳಿದ. ಇವನಿಗೆ ನಾನು ಉತ್ತರ ಕೊಡಲಿಲ್ಲ. ಟೀ ದುಡ್ಡು ಮಾತ್ರ ಕೊಟ್ಟು ಎದ್ದು ಬಂದೆ.

ಕಥೆ ಹೇಳದೆ ಗತಿಯಿಲ್ಲ. ಕೊನೆಯನ್ನೂ ಹೇಳುತ್ತೇನೆ. 80 ವರ್ಷ ದಾಟಿದ ಸಿನಿಮಾಕ್ಕೂ ಸ್ಪಾಯ್ಲರ್ ಅಂತ ಕೊರಗುವವರು ಇಲ್ಲೇ ಇಳಿದುಬಿಡಿ.

ಆಂದ್ರೆ ಜೂರ್ಯೂ ಅನ್ನುವ ಪೈಲಟ್ ಒಬ್ಬನೇ ಅಟ್ಲಾಂಟಿಕ್ ಸಾಗರವನ್ನು 23 ಗಂಟೆಯಲ್ಲಿ ದಾಟಿ ಪ್ಯಾರಿಸ್ಸಿನ ಲ ಬೂರ್ಜೆ ವಿಮಾನ ನಿಲ್ದಾಣದಲ್ಲಿ ಇಳಿಯುತ್ತಾನೆ. ರಾತ್ರಿ ಹೊತ್ತು. ಜನ ಪೊಲೀಸರನ್ನು ತಳ್ಳಿಕೊಂಡು ನುಗ್ಗುತ್ತಾರೆ. ರೇಡಿಯೋದವಳು ಮೈಕ್ ಹಿಡಿಯುತ್ತಾಳೆ. ಇಡೀ ದೇಶ ಕೇಳುತ್ತಿದೆ. ಇಂಥ ಹೊತ್ತಿನಲ್ಲಿ ಮನುಷ್ಯ ಏನು ಹೇಳಬೇಕು? ಎಂಜಿನ್ ಚೆನ್ನಾಗಿತ್ತು, ದೇವರು ದೊಡ್ಡವನು, ಅಷ್ಟು ಸಾಕು. ಇವನು ಹೇಳುವುದು: ಯಾರಿಗೋಸ್ಕರ ಇಷ್ಟೆಲ್ಲ ಮಾಡಿದೆನೋ ಅವಳು ಬಂದಿಲ್ಲ, ಅವಳು ನಿಯತ್ತಿಲ್ಲದವಳು. ಆ ಅವಳು ಕ್ರಿಸ್ಟೀನ್. ಇನ್ನೊಬ್ಬನ ಹೆಂಡತಿ. ಅವಳೂ ಮನೆಯಲ್ಲಿ ರೇಡಿಯೋ ಹಾಕಿಕೊಂಡಿದ್ದಾಳೆ. ಅದೇ ಮನೆಯ ಇನ್ನೊಂದು ಕೋಣೆಯಲ್ಲಿ ಗಂಡನೂ ಹಾಕಿಕೊಂಡಿದ್ದಾನೆ.

ಗಂಡ ರೊಬೇರ್ ಒಬ್ಬ ಮಾರ್ಕಿ, ಅಂದರೆ ಜಹಗೀರು ಇರುವಂಥ ದೊಡ್ಡ ಮನುಷ್ಯ. ಕೀಲಿ ಕೊಟ್ಟರೆ ಹಾಡುವ ಗೊಂಬೆ, ಕೀಲಿ ಕೊಟ್ಟರೆ ಕೂಗುವ ಹಕ್ಕಿ, ಇಂಥವನ್ನು ಕೂಡಿಡುವ ಹುಚ್ಚು ಅವನಿಗೆ. ಜೊತೆಗೆ ಜೆನ್ವಿಯೇವ್ ಅನ್ನುವ ಹಳೇ ಪ್ರೇಯಸಿ. ಇವರೆಲ್ಲರ ನಡುವೆ ಸಂಧಾನ ಮಾಡಿಕೊಂಡು, ಇವರ ಮನೆಯಲ್ಲೇ ಉಂಡುಕೊಂಡು ಓಡಾಡುವ ದಪ್ಪ ಗೆಳೆಯ ಆಕ್ಟಾವ್. ಎಲ್ಲರೂ ಸೊಲೋನ್ ಸೀಮೆಯಲ್ಲಿರುವ ರೊಬೇರನ ಹಳ್ಳಿ ಬಂಗಲೆಗೆ ಬೇಟೆಗೆ ಹೋಗುತ್ತಾರೆ. ಅಲ್ಲಿ ಕೆಳಗೆ ಆಳುಗಳ ಲೋಕ. ಕ್ರಿಸ್ಟೀನಳ ಕೆಲಸದವಳು ಲಿಸೆಟ್, ಅವಳ ಗಂಡ ಷೂಮಾಕರ್ ಕಾಡಿನ ಕಾವಲುಗಾರ, ಅವನು ಹಿಡಿದ ಮೊಲಗಳ್ಳ ಮಾರ್ಸೋ. ಮೊಲಗಳ್ಳನನ್ನು ನೋಡಿ ಯಜಮಾನನಿಗೆ ಖುಷಿಯಾಗಿ ಮನೆಗೆಲಸಕ್ಕೆ ಇಟ್ಟುಕೊಳ್ಳುತ್ತಾನೆ. ಕಳ್ಳ ಬಂದವನೇ ಲಿಸೆಟ್ ಹಿಂದೆ ಬೀಳುತ್ತಾನೆ.

ಆಮೇಲೆ ಒಂದು ರಾತ್ರಿ ಬಂಗಲೆಯಲ್ಲಿ ಅತಿಥಿಗಳೇ ವೇಷ ಹಾಕಿ ಕುಣಿಯುವ ಕಾರ್ಯಕ್ರಮ. ವೇದಿಕೆಯ ಮೇಲೆ ಅಸ್ಥಿಪಂಜರಗಳ ಕುಣಿತ ನಡೆಯುತ್ತಿದೆ. ಕೆಳಗೆ ಷೂಮಾಕರ್ ಪಿಸ್ತೂಲು ಹಿಡಿದು ಮಾರ್ಸೋನನ್ನು ಅಟ್ಟಿಸಿಕೊಂಡು ಕೋಣೆಯಿಂದ ಕೋಣೆಗೆ ಓಡುತ್ತಾನೆ. ಗುಂಡು ಹಾರುತ್ತದೆ. ಅತಿಥಿಗಳು ಇದೂ ಪ್ರೋಗ್ರಾಮಿನ ಒಂದು ಐಟಂ ಅಂದುಕೊಳ್ಳುತ್ತಾರೆ. ಇನ್ನೊಂದು ಕೋಣೆಯಲ್ಲಿ ಪೈಲಟ್ಟೂ ಮಾರ್ಕಿಯೂ ಕ್ರಿಸ್ಟೀನಳಿಗಾಗಿ ಮುಷ್ಟಿ ಕಾಳಗ ಮಾಡುತ್ತಿರುತ್ತಾರೆ. ಕೊನೆಗೆ ಮಾರ್ಕಿಗೆ ಸಾಕಾಗಿ ಬಟ್ಲರ್ ಕಾರ್ನೇಯನ್ನು ಕರೆದು ಹೇಳುತ್ತಾನೆ: "ಕಾರ್ನೇ, ಈ ನಾಟಕ ನಿಲ್ಲಿಸು!"

ಕಾರ್ನೇ ಕೇಳುತ್ತಾನೆ: "ಯಾವ ನಾಟಕ, ಸ್ವಾಮಿ?"

ನೋಡಿ, ಇಲ್ಲಿ. ನಗೋದು ಇಲ್ಲಿ. ನಗು ಬರದಿದ್ದರೆ ನಾನೇನೂ ಮಾಡಲಾರೆ.

ಆದರೆ ಆ ಮಾತಿಗೆ ಒಂದು ಬಾಲ ಇದೆ. ಅದೇ ರಾತ್ರಿ, ಸ್ವಲ್ಪ ಹೊತ್ತಿನಲ್ಲೇ, ಕ್ರಿಸ್ಟೀನ್ ತೋಟದ ಗಾಜಿನ ಮನೆಯಲ್ಲಿ ಕಾಯುತ್ತಿರುತ್ತಾಳೆ. ಚಳಿ ಅಂತ ಲಿಸೆಟ್‌ಳ ಟೋಪಿ ಇರುವ ನಿಲುವಂಗಿ ಹಾಕಿಕೊಂಡಿದ್ದಾಳೆ. ಕತ್ತಲಲ್ಲಿ ಷೂಮಾಕರ್ ಅವಳನ್ನು ತನ್ನ ಹೆಂಡತಿ ಅಂದುಕೊಳ್ಳುತ್ತಾನೆ. ಅವಳ ಕಡೆಗೆ ಓಡಿ ಬರುವ ಪೈಲಟ್‌ನನ್ನು ಹೊಡೆದು ಹಾಕುತ್ತಾನೆ. ಅಟ್ಲಾಂಟಿಕ್ ದಾಟಿದವನು ಒಂದು ತೋಟ ದಾಟಲಾರದೆ ಸಾಯುತ್ತಾನೆ. ಮಾರ್ಕಿ ಮೆಟ್ಟಿಲ ಮೇಲೆ ನಿಂತು ಅತಿಥಿಗಳಿಗೆ ಹೇಳುತ್ತಾನೆ: ದುರದೃಷ್ಟದ ಆಕಸ್ಮಿಕ, ನನ್ನ ಕಾವಲುಗಾರ ಕಳ್ಳ ಬಂದ ಅಂದುಕೊಂಡ. ಒಬ್ಬ ಅತಿಥಿ, ಆಕಸ್ಮಿಕ ಅನ್ನುವ ಪದಕ್ಕೆ ಇದು ಹೊಸ ಅರ್ಥ ಅಂತ ಗೊಣಗುತ್ತಾನೆ. ವಯಸ್ಸಾದ ಜನರಲ್ ತಕ್ಷಣ ಅವನ ಬಾಯಿ ಮುಚ್ಚಿಸುತ್ತಾನೆ: ಇಲ್ಲ, ಈ ಮನುಷ್ಯನಿಗೆ ಮರ್ಯಾದೆ ಗೊತ್ತು, ಇಂಥವರು ಈಗ ಅಪರೂಪ.

ಯಾವ ನಾಟಕ, ಸ್ವಾಮಿ?

ಈ ಪ್ರಶ್ನೆ ಕೇಳಿದವರಲ್ಲಿ ನೀವೇ ಮೊದಲಿಗರಲ್ಲ ಅಂತ ಸಮಾಧಾನ ಮಾಡಿಕೊಳ್ಳಿ. 1939ರ ಜುಲೈ 7ರಂದು ಪ್ಯಾರಿಸ್ಸಿನ ಕೊಲಿಸೇ ಥಿಯೇಟರಿನಲ್ಲಿ ಕೂತಿದ್ದವರೂ ಇದನ್ನೇ ಕೇಳಿದರು. ಸ್ವಲ್ಪ ಜೋರಾಗಿ ಕೇಳಿದರು ಅಷ್ಟೇ. ಕೂಗಿದರು, ಸಿಳ್ಳೆ ಹೊಡೆದರು. ಒಬ್ಬ ಪೇಪರಿಗೆ ಬೆಂಕಿ ಹಚ್ಚಿ ಥಿಯೇಟರನ್ನೇ ಸುಡಲು ನೋಡಿದ ಅಂತ ರೆನ್ವಾರ್ ಆಮೇಲೆ ಹೇಳಿಕೊಂಡಿದ್ದಾನೆ. ನನಗೆ ಕ್ಯಾಂಟೀನಿನಲ್ಲಿ ಬೈಯುವವರು ಇನ್ನೂ ಬೆಂಕಿಪೊಟ್ಟಣದ ತನಕ ಬಂದಿಲ್ಲ.

ಯಾಕೆ ಅಷ್ಟು ಸಿಟ್ಟು? ಕಾರಣ ಒಂದೇ ಅಲ್ಲ. ಫ್ರೆಂಚ್ ಮಾರ್ಕಿಯ ಪಾತ್ರಕ್ಕೆ ಯಹೂದಿ ನಟ ಮಾರ್ಸೆಲ್ ಡಾಲಿಯೋ. ಕ್ರಿಸ್ಟೀನಳ ಪಾತ್ರಕ್ಕೆ ಆಸ್ಟ್ರಿಯಾದಿಂದ ಬಂದ ನೋರಾ ಗ್ರೆಗೊರ್, ಅವಳ ಫ್ರೆಂಚ್‌ನಲ್ಲಿ ಜರ್ಮನ್ ಎಳೆತ. ಆ ಬೇಸಿಗೆಯ ಫ್ರಾನ್ಸಿನಲ್ಲಿ ಇವೆರಡೇ ಸಾಕಿತ್ತು. ಜೊತೆಗೆ ಜನ ಬಂದಿದ್ದು ಎರಡು ವರ್ಷದಲ್ಲಿ ಎರಡು ದೊಡ್ಡ ಗೆಲುವು ಕಂಡಿದ್ದ ನಿರ್ದೇಶಕನ ಹೊಸ ಸಿನಿಮಾ ನೋಡಲು. ಆ ಗೆಲುವಿನ ಧೈರ್ಯದ ಮೇಲೇ ರೆನ್ವಾರ್ ತಮ್ಮ ಮತ್ತು ಗೆಳೆಯರ ಜೊತೆ ಸ್ವಂತ ಕಂಪನಿ ಮಾಡಿದ್ದ. ಉಡುಪು ಪ್ಯಾರಿಸ್ಸಿನ ದೊಡ್ಡ ಹೆಸರಿನ ವಿನ್ಯಾಸಕಿ ಕೊಕೋ ಶನೆಲ್‌ಳದ್ದು. ಸೊಲೋನಿನಲ್ಲಿ ಮಳೆ ಬಿಡಲೇ ಇಲ್ಲ, ಖರ್ಚು ಅಂದಾಜಿನ ಎರಡು ಪಟ್ಟಾಯಿತು. ನಗಿಸುತ್ತಾನೆ ಅಂತ ಕೂತರೆ ಇವನು ನಗಿಸುತ್ತಾನೆ, ಮರುಕ್ಷಣ ನಕ್ಕಿದ್ದಕ್ಕೆ ನಾಚಿಕೆ ಆಗುವ ಹಾಗೆ ಮಾಡುತ್ತಾನೆ. ದುಡ್ಡು ಕೊಟ್ಟು ಯಾರು ನಾಚಿಕೊಳ್ಳುತ್ತಾರೆ?

ಎರಡು ತಿಂಗಳೂ ಕಳೆದಿರಲಿಲ್ಲ, ಯುದ್ಧ ಶುರುವಾಯಿತು. ಜನರ ಮನಸ್ಸು ಕುಗ್ಗಿಸುತ್ತದೆ ಅಂತ ಸರ್ಕಾರವೇ ಸಿನಿಮಾ ನಿಷೇಧಿಸಿತು. ಕುಗ್ಗಿಸುತ್ತದೆ ಅಂದರೆ, ನೋಡಿ, ಅವರಿಗೂ ನಗು ಬರಲಿಲ್ಲ.

ಈಗ ದೊಡ್ಡಮ್ಮನ ವಿಷಯ.

ಎರಡು ವರ್ಷದ ಹಿಂದೆ ನನ್ನ ದೊಡ್ಡಮ್ಮ ಕಣ್ಣಿನ ಪೊರೆ ತೆಗೆಸಿಕೊಂಡು ನಮ್ಮ ಮನೆಯಲ್ಲಿ ಹದಿನೈದು ದಿನ ಇದ್ದರು. ಬಗ್ಗುವ ಹಾಗಿಲ್ಲ, ಒಲೆ ಮುಂದೆ ನಿಲ್ಲುವ ಹಾಗಿಲ್ಲ. ಎಂಬತ್ತರ ಹತ್ತಿರದ ಹೆಂಗಸು, ಹುಟ್ಟಿದಾಗಿನಿಂದ ಸುಮ್ನೆ ಕೂತವರಲ್ಲ. ಭಾನುವಾರ ಅವರ ಧಾರಾವಾಹಿಗಳೂ ಇರಲಿಲ್ಲ. ನಾನು ಈ ಸಿನಿಮಾ ಹಾಕಿದೆ. ಯಾಕೆ ಹಾಕಿದೆ ಅಂತ ಕೇಳಬೇಡಿ, ನನಗೆ ನೋಡಬೇಕಿತ್ತು.

"ಕಣ್ಣಿಗೆ ಹೊಸ ಲೆನ್ಸ್ ಹಾಕಿಸ್ಕೊಂಡು ಬಂದಿದೀನಿ. ಬಣ್ಣದ್ದು ಹಾಕಬಾರದೇನೋ?" ಅಂದರು.

ಅವರಿಗೆ ಇಂಗ್ಲಿಷ್ ಸಬ್‌ಟೈಟಲ್ ಓದಲು ಬರುವುದಿಲ್ಲ. ಹಾಗಾಗಿ ನಾನೇ ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಾ ಹೋದೆ. ಮೊದಲ ಹತ್ತು ನಿಮಿಷದಲ್ಲೇ ಅವರು ನಿಲ್ಲಿಸು ಅಂದರು. "ಇವಳು ಯಾರ ಹೆಂಡ್ತಿ? ಅವನು ಯಾರ ಗಂಡ? ಮೊದಲು ಅದು ಹೇಳು." ಯಾವುದೋ ಗೃಹಪ್ರವೇಶದ ಕಾರ್ಡು ಮೇಜಿನ ಮೇಲಿತ್ತು. ಅದರ ಹಿಂದೆ ಹೆಸರು ಬರೆದು ಬಾಣದ ಗುರುತು ಹಾಕಿ ಕೊಟ್ಟೆ. ಯಾರು ಯಾರನ್ನು ಮದುವೆಯಾಗಿದ್ದಾರೆ ಅನ್ನುವುದಕ್ಕೆ ಗೆರೆ, ಯಾರು ಯಾರ ಹಿಂದೆ ಬಿದ್ದಿದ್ದಾರೆ ಅನ್ನುವುದಕ್ಕೆ ಬಾಣ. ಬಾಣಗಳೇ ಜಾಸ್ತಿ. ದೊಡ್ಡಮ್ಮ ಕಾರ್ಡನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. "ನಮ್ಮ ಶಿರಸ್ತೇದಾರರ ಮನೆ ಥರ ಇದೆ" ಅಂದರು. ಯಾವ ಶಿರಸ್ತೇದಾರರು ಅಂತ ಎಷ್ಟು ಕೇಳಿದರೂ ಹೇಳಲಿಲ್ಲ.

ಅವರು ಮೊದಲು ನಕ್ಕಿದ್ದು ಎಲ್ಲಿ ಗೊತ್ತಾ? ನೀವು ಯಾರೂ ನಗದ ಜಾಗದಲ್ಲಿ. ಬಂಗಲೆಯ ಕೆಳಗೆ ಆಳುಗಳು ಊಟಕ್ಕೆ ಕೂತಿದ್ದಾರೆ. ಯಜಮಾನನ ಅಮ್ಮನ ಕಡೆಯ ಅಜ್ಜ ಯಹೂದಿ ಅಂತ ಪಿಸುಪಿಸು ಶುರುವಾಗುತ್ತದೆ. ಅಷ್ಟರಲ್ಲಿ ಅಡುಗೆಯವನು ಬಂದು ಮಾತು ಹಿಡಿಯುತ್ತಾನೆ. ನಾನು ಮುಂಚೆ ಇದ್ದ ಮನೆಯವರು ದೊಡ್ಡ ವಂಶದವರೇ, ಆದರೆ ತಿನ್ನುತ್ತಿದ್ದುದು ಹಂದಿಗಳ ಹಾಗೆ, ಅದಕ್ಕೇ ಬಿಟ್ಟೆ. ಈ ಯಜಮಾನ ಇದ್ದಾನಲ್ಲ, ಮೊನ್ನೆ ನನ್ನನ್ನು ಕರೆಸಿ ಆಲೂಗಡ್ಡೆ ಸಲಾಡಿಗೆ ಬೈದ. ಆಲೂಗಡ್ಡೆ ಕೊತಕೊತ ಬಿಸಿ ಇರುವಾಗಲೇ ಅದರ ಮೇಲೆ ಬಿಳಿ ವೈನ್ ಹುಯ್ಯಬೇಕು. ನನ್ನ ಕೈಕೆಳಗಿನವನು ಬೆರಳು ಸುಡುತ್ತದೆ ಅಂತ ಆರಿದ ಮೇಲೆ ಹುಯ್ದಿದ್ದ. ಯಜಮಾನ ಒಂದೇ ತುತ್ತಿಗೆ ಕಂಡುಹಿಡಿದ. ನೀವು ಏನು ಬೇಕಾದರೂ ಹೇಳಿ, ದೊಡ್ಡ ಮನುಷ್ಯ ಅಂದರೆ ಅವನು.

"ಹೌದು ಮತ್ತೆ!" ಅಂತ ದೊಡ್ಡಮ್ಮ ತೊಡೆ ತಟ್ಟಿ ನಕ್ಕರು. "ಆರಿದ ಮೇಲೆ ಕಲಸಿದ್ರೆ ಉಪ್ಪು ಹುಳಿ ಒಳಗೆ ಇಳಿಯುತ್ತಾ? ನಿನ್ನ ಹೆಂಡ್ತಿಗೆ ಹೇಳು ಇದನ್ನ."

ನಾನು ಹೇಳಲಿಲ್ಲ. ಆದರೆ ಆ ದೃಶ್ಯವನ್ನು ನಾನು ಅಷ್ಟು ಸಲ ನೋಡಿದ್ದರೂ ಅದು ಅಡುಗೆಯ ಬಗ್ಗೆ ಅಂತ ನನಗೆ ಹೊಳೆದಿರಲಿಲ್ಲ. ಯಹೂದಿ ದ್ವೇಷದ ಬಗ್ಗೆ ಅಂತ ಗಂಭೀರವಾಗಿ ಕೂತು ನೋಡುತ್ತಿದ್ದೆ. ಅದೂ ಹೌದು. ಜಾತಿ ಮಾತಾಡುವವರ ಬಾಯನ್ನು ಒಂದು ಆಲೂಗಡ್ಡೆಯಿಂದ ಮುಚ್ಚಿಸುತ್ತಾನೆ ಅಡುಗೆಯವನು. ಸಿನಿಮಾದ ಆಚೆ ಆ ಬಾಯಿ ಮುಚ್ಚಲಿಲ್ಲ. ಜರ್ಮನ್ನರು ಫ್ರಾನ್ಸಿಗೆ ಬಂದ ಮೇಲೆ ಇದೇ ಡಾಲಿಯೋನ ಮುಖವನ್ನು ಪೋಸ್ಟರಿನಲ್ಲಿ ಹಾಕಿ, ಯಹೂದಿ ಮುಖ ಹೀಗಿರುತ್ತದೆ ಅಂತ ಜನರಿಗೆ ತೋರಿಸಿದರು. ಅವನು ಅಷ್ಟರಲ್ಲಿ ದೇಶ ಬಿಟ್ಟು ಓಡಿದ್ದ. ಹಾಲಿವುಡ್ಡಿನ 'ಕಾಸಾಬ್ಲಾಂಕಾ' ನೋಡಿದ್ದರೆ, ಅಲ್ಲಿ ಜೂಜಿನ ಮೇಜು ನಡೆಸುವವನು ಇವನೇ. ಇಲ್ಲಿ ಮಾರ್ಕಿ, ಮೂರು ವರ್ಷದ ಮೇಲೆ ಅಲ್ಲಿ ಜೂಜುಕಟ್ಟೆ ಗುಮಾಸ್ತ.

ಬೇಟೆಯ ದಿನ ಕ್ರಿಸ್ಟೀನಳ ಕೈಗೆ ಯಾರೋ ಒಂದು ಪುಟ್ಟ ದುರ್ಬೀನು ಕೊಡುತ್ತಾರೆ. ಅಳಿಲು ನೋಡಲು. ಅವಳು ಅಳಿಲು ನೋಡುತ್ತಾ ನೋಡುತ್ತಾ ದೂರದಲ್ಲಿ ತನ್ನ ಗಂಡ ಜೆನ್ವಿಯೇವ್‌ಳನ್ನು ತಬ್ಬಿಕೊಂಡಿರುವುದನ್ನು ಕಾಣುತ್ತಾಳೆ. ನಿಜವಾಗಿ ಅವನು ಆ ಸಂಬಂಧ ಮುಗಿಸಿ ಕೊನೆಯ ಸಲ ತಬ್ಬಿಕೊಳ್ಳುತ್ತಿದ್ದಾನೆ. ಮುಗಿಯುವ ಹೊತ್ತಿಗೆ ಇವಳಿಗೆ ಶುರುವಾಗಿದ್ದು ಗೊತ್ತಾಗುತ್ತದೆ.

"ಕಣ್ಣು ಚೆನ್ನಾಗಿ ಕಂಡ್ರೆ ಇದೇ ತಾಪತ್ರಯ" ಅಂದರು ದೊಡ್ಡಮ್ಮ.

ಅದಕ್ಕೆ ಮುಂಚೆ ಬೇಟೆ. ಅದನ್ನು ತಪ್ಪಿಸಿ ಓಡಿಸಿಬಿಡೋಣ ಅಂತ ರಿಮೋಟ್ ಕೈಯಲ್ಲೇ ಹಿಡಿದಿದ್ದೆ. ಆದರೆ ಬೇಟೆಯಿಲ್ಲದೆ ಈ ಸಿನಿಮಾ ಇಲ್ಲ. ಬೇರೆಲ್ಲ ಕಡೆ ರೆನ್ವಾರನ ಕ್ಯಾಮೆರಾ ನಿಧಾನವಾಗಿ, ಕೋಣೆಯಿಂದ ಕೋಣೆಗೆ ಮನೆಯವರಂತೆ ನಡೆದುಕೊಂಡು ಹೋಗುತ್ತದೆ. ಮುಂದೆ ಒಬ್ಬ ಮಾತಾಡುತ್ತಿದ್ದರೆ ಹಿಂದಿನ ಬಾಗಿಲಲ್ಲಿ ಇನ್ನೊಬ್ಬ ಇಣುಕುತ್ತಿರುತ್ತಾನೆ, ಇಬ್ಬರೂ ಸ್ಪಷ್ಟವಾಗಿ ಕಾಣುತ್ತಾರೆ. ಬೇಟೆಯಲ್ಲಿ ಮಾತ್ರ ಪಟಪಟ ಕತ್ತರಿ. ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ 50ಕ್ಕೂ ಹೆಚ್ಚು ಶಾಟ್. ಬಿಳಿ ಅಂಗಿಯ ಆಳುಗಳು ಮರಕ್ಕೆ ಕೋಲು ಬಡಿಯುತ್ತಾ ಬರುತ್ತಾರೆ. ಮೊಲಗಳು ಪೊದೆಯಿಂದ ಬಯಲಿಗೆ ಬರುತ್ತವೆ. ದೊಡ್ಡ ಮನುಷ್ಯರು ಬಂದೂಕು ಎತ್ತುತ್ತಾರೆ. ಓಡುತ್ತಿದ್ದ ಮೊಲ ಲಾಗ ಹೊಡೆದು ಬೀಳುತ್ತದೆ. ಕೊನೆಗೆ ಒಂದು ಮೊಲ ಮಾತ್ರ. ಬಿದ್ದಿರುತ್ತದೆ. ಮೈ ಉದ್ದಕ್ಕೆ ಸೆಟೆಯುತ್ತದೆ, ಕಾಲು ನಿಧಾನವಾಗಿ ಮಡಚಿಕೊಳ್ಳುತ್ತದೆ, ಬಾಲ ಒಂದು ಸಲ ನಡುಗಿ ನಿಲ್ಲುತ್ತದೆ.

"ಅದು ನಿಜವಾದ ಮೊಲವಾ?" ಅಂತ ಕೇಳಿದರು ದೊಡ್ಡಮ್ಮ.

"ಇಲ್ಲ ದೊಡ್ಡಮ್ಮ, ಟ್ರಿಕ್ಕು" ಅಂದೆ.

ಸುಳ್ಳು. ನಿಜವಾದ ಮೊಲವೇ. ಮೊಲಗಳು, ಹಕ್ಕಿಗಳು, ಎಲ್ಲ ಕ್ಯಾಮೆರಾ ಮುಂದೆಯೇ ಸತ್ತವು. ಸ್ಟುಡಿಯೋ ಕೆಲಸಕ್ಕೆ ರೆನ್ವಾರ್ ಪ್ಯಾರಿಸ್ ಕಡೆಗೆ ಹೋದ ಮೇಲೆ ಅದರಲ್ಲಿ ಹಲವು ಶಾಟ್‌ಗಳನ್ನು ಸಹಾಯಕರೇ ನಿಂತು ತೆಗೆದರು. ಇದನ್ನು ಯಾರಾದರೂ ಕೇಳಿದರೆ ನಾನು ಸಾಮಾನ್ಯವಾಗಿ ಕಾಲದ ಬಗ್ಗೆ, ಕಲೆಯ ಬಗ್ಗೆ ಏನೋ ಒಂದು ಹೇಳಿ ಜಾರಿಕೊಳ್ಳುತ್ತೇನೆ. ಆ ದಿನ ಅದೂ ಬಾಯಿಗೆ ಬರಲಿಲ್ಲ. ಸಿನಿಮಾದಲ್ಲಿ ಆಕ್ಟಾವ್ ಒಂದು ಕಡೆ ಹೇಳುತ್ತಾನೆ: ಈ ಕಾಲದಲ್ಲಿ ಎಲ್ಲರೂ ಸುಳ್ಳು ಹೇಳುತ್ತಾರೆ, ಔಷಧಿ ಅಂಗಡಿಯ ಕರಪತ್ರ, ಸರ್ಕಾರ, ರೇಡಿಯೋ, ಸಿನಿಮಾ, ಪೇಪರು. ಪಟ್ಟಿಯಲ್ಲಿ ಸಿನಿಮಾವನ್ನೂ ಸೇರಿಸಿಯೇ ಹೇಳುತ್ತಾನೆ. ಸಿನಿಮಾ ನೋಡಿಸುವವರನ್ನು ಬಿಟ್ಟಿದ್ದಾನೆ.

ಅವನದೇ ಇನ್ನೊಂದು ಮಾತು ಇದಕ್ಕಿಂತ ಫೇಮಸ್. ಈ ಲೋಕದಲ್ಲಿ ಒಂದು ಭಯಂಕರ ವಿಷಯ ಇದೆ, ಅದೇನೆಂದರೆ ಎಲ್ಲರಿಗೂ ಅವರವರ ಕಾರಣ ಇರುತ್ತದೆ ಅಂತ. ಜನ ಇದನ್ನು ಶುಭಾಶಯ ಪತ್ರದ ಹಾಗೆ ಬಳಸುತ್ತಾರೆ. ಆಹಾ, ಎಂಥ ಕರುಣೆ, ಎಲ್ಲರನ್ನೂ ಅರ್ಥ ಮಾಡಿಕೊಳ್ಳಬೇಕು! 'ಭಯಂಕರ' ಅನ್ನುವ ಪದ ಎಲ್ಲಿಗೆ ಹೋಯಿತು ಸ್ವಾಮಿ? ಷೂಮಾಕರನಿಗೂ ಕಾರಣ ಇತ್ತು. ಅವನ ಕೈಯಲ್ಲಿ ಬಂದೂಕೂ ಇತ್ತು.

ಇರಲಿ. ಪಾರ್ಟಿಯ ರಾತ್ರಿಗೆ ಬರೋಣ. ಆಕ್ಟಾವ್ ಕರಡಿ ವೇಷ ಹಾಕಿರುತ್ತಾನೆ. ಅವನ ಪಾಲಿನ ಕುಣಿತ ಮುಗಿಯುತ್ತದೆ, ವೇಷ ಬಿಚ್ಚಲು ಆಗುವುದಿಲ್ಲ. ಕಂಡಕಂಡವರನ್ನು ಕೇಳಿಕೊಳ್ಳುತ್ತಾನೆ, ಸ್ವಲ್ಪ ಇದನ್ನು ಎಳೀರಿ ಅಂತ. ಒಬ್ಬೊಬ್ಬರಿಗೂ ಒಂದೊಂದು ಅವಸರ. ಒಬ್ಬ ಇನ್ನೊಬ್ಬನ ಹೆಂಡತಿ ಹಿಂದೆ, ಒಬ್ಬ ತನ್ನ ಹೆಂಡತಿ ಹಿಂದೆ. ಕರಡಿ ಕೋಣೆಯಿಂದ ಕೋಣೆಗೆ ಅಲೆಯುತ್ತದೆ.

ಎಲ್ಲರೂ ನಗುವ ಜಾಗ ಇದು. ನಿಮಿಷ ಕೇಳಿದ ಮಹಾಶಯನೂ ನಗುತ್ತಿದ್ದನೇನೋ. ದೊಡ್ಡಮ್ಮ ನಗಲಿಲ್ಲ. "ಪಾಪ, ಯಾರಾದ್ರೂ ಬಿಚ್ಚಬಾರದಾ? ಸೆಕೆ ಆಗಲ್ವಾ ಅವನಿಗೆ?" ಅಂದರು. ಆಮೇಲೆ, "ಯಾರವನು?" ಅಂದರು.

ಇಷ್ಟು ವರ್ಷದಲ್ಲಿ ನನಗೆ ಬೇಕಾಗಿದ್ದ ಪ್ರಶ್ನೆ ಇದೊಂದೇ. ಹಾಗಾಗಿ ಇನ್ನು ಮುಂದಿನದು ನೀವು ಕೇಳದ ಪ್ರಶ್ನೆಗೆ ಉತ್ತರ.

ಅವನೇ ನಿರ್ದೇಶಕ. ಜಾನ್ ರೆನ್ವಾರ್, ಆಗ 44 ವರ್ಷ. ಚಿತ್ರಕಾರ ಒಗ್ಯುಸ್ತ್ ರೆನ್ವಾರನ ಮಗ. ಮೊದಲ ಮಹಾಯುದ್ಧದಲ್ಲಿ ಕಾಲಿಗೆ ಗುಂಡು ಬಿದ್ದು ಜೀವನಪೂರ್ತಿ ಕುಂಟಿದವನು. ಮೂಕಿ ಸಿನಿಮಾದ ಕಾಲದಲ್ಲಿ ದುಡ್ಡಿಲ್ಲದಾಗ ಅಪ್ಪ ಬಿಟ್ಟುಹೋದ ಚಿತ್ರಗಳನ್ನು ಒಂದೊಂದಾಗಿ ಮಾರಿ ಸಿನಿಮಾ ಮಾಡಿದವನು. ಅಪ್ಪನ ಚಿತ್ರ ಮಾರಿ ಮಗ ರೀಲು ಕೊಳ್ಳುತ್ತಾನೆ ಅಂದರೆ ಆ ಮನೆಯಲ್ಲಿ ಊಟದ ಹೊತ್ತಿಗೆ ಏನು ಮಾತಾಗುತ್ತಿತ್ತೋ. ಆಕ್ಟಾವ್ ಅನ್ನುವವನು ಏನು? ಕ್ರಿಸ್ಟೀನಳ ಅಪ್ಪ ದೊಡ್ಡ ಸಂಗೀತ ನಿರ್ದೇಶಕ, ಆರ್ಕೆಸ್ಟ್ರಾ ನಡೆಸುತ್ತಿದ್ದವನು. ಆಕ್ಟಾವ್ ಅವನ ಶಿಷ್ಯನಾಗಲು ಹೊರಟು ಏನೂ ಆಗದೆ ಉಳಿದವನು. ಒಂದು ದೃಶ್ಯದಲ್ಲಿ ರಾತ್ರಿ ಬಂಗಲೆಯ ಮೆಟ್ಟಿಲಿಗೆ ಬಂದು, ಗುರು ಹೇಗೆ ವೇದಿಕೆಗೆ ಬರುತ್ತಿದ್ದ ಅಂತ ಕ್ರಿಸ್ಟೀನಳಿಗೆ ಮಾಡಿ ತೋರಿಸುತ್ತಾನೆ. ಎದುರಿಗೆ ಬರೀ ಕತ್ತಲು. ಎರಡೂ ಕೈ ಎತ್ತುತ್ತಾನೆ. ಇನ್ನೇನು ವಾದ್ಯಗಳು ಶುರುವಾಗಬೇಕು. ಕೈ ಹಾಗೇ ಇಳಿದುಬಿಡುತ್ತದೆ. ಕುಸಿದು ಕೂರುತ್ತಾನೆ. ದೊಡ್ಡ ಮನುಷ್ಯನ ಮಗ, ದೊಡ್ಡ ಮನುಷ್ಯನ ವಿಫಲ ಶಿಷ್ಯನ ಪಾತ್ರವನ್ನು ತಾನೇ ಹಾಕಿದ್ದಾನೆ. ನನಗೆ ಇದು ಇಡೀ ಸಿನಿಮಾದಲ್ಲೇ ತಡೆಯಲಾಗದ ದೃಶ್ಯ. ನಾನು ಸಣ್ಣವನಿದ್ದಾಗ ಪಿಟೀಲು ಕಲಿಯುತ್ತಿದ್ದೆ ಅಂತ ಮಾತ್ರ ಹೇಳಿ ಮುಂದೆ ಹೋಗುತ್ತೇನೆ.

ಕೊನೆಯಲ್ಲಿ ಕ್ರಿಸ್ಟೀನ್ ಆಕ್ಟಾವ್‌ನ ಜೊತೆಗೇ ಓಡಿಹೋಗಲು ತಯಾರಾಗುತ್ತಾಳೆ. ಹೌದು, ಅವಳನ್ನು ಪ್ರೀತಿಸಿದ್ದು ಅವನೂ ಹೌದು. ಕೋಟು ತರಲು ಅವನು ಒಳಗೆ ಬರುತ್ತಾನೆ. ಲಿಸೆಟ್ ತಡೆಯುತ್ತಾಳೆ. ವಯಸ್ಸಾದವರು ವಯಸ್ಸಾದವರ ಜೊತೆ ಇರಬೇಕು, ನಿಮ್ಮ ಹತ್ತಿರ ದುಡ್ಡೂ ಇಲ್ಲ, ಅವಳನ್ನು ಹೇಗೆ ನೋಡಿಕೊಳ್ತೀರಿ? ಆಕ್ಟಾವ್ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಳ್ಳುತ್ತಾನೆ. ಅಷ್ಟರಲ್ಲಿ ಪೈಲಟ್ ಬರುತ್ತಾನೆ. ಆಕ್ಟಾವ್ ತನ್ನ ಕೋಟನ್ನು ಅವನಿಗೆ ಹಾಕಿ, ಹೋಗು, ಅವಳು ನಿನಗೆ ಕಾಯುತ್ತಿದ್ದಾಳೆ ಅನ್ನುತ್ತಾನೆ. ಗುಂಡು ಬೀಳುವುದು ಆ ಕೋಟಿನ ಮೇಲೆ.

ಮಾರ್ಸೋ ಓಡಿ ಬಂದು ಸುದ್ದಿ ಹೇಳುತ್ತಾನೆ: ಅವನಿಗೆ ನೋವಾಗಲಿಲ್ಲ, ಬೇಟೆಯಲ್ಲಿ ಪ್ರಾಣಿ ಉರುಳಿದ ಹಾಗೆ ಉರುಳಿದ. ನಾನು ಅದನ್ನು ಕನ್ನಡದಲ್ಲಿ ಹೇಳಿ ಮುಗಿಸುವ ಮುಂಚೆಯೇ ದೊಡ್ಡಮ್ಮ, "ಮೊಲ" ಅಂದರು.

ಜನ ಬೈದ ಮೇಲೆ ರೆನ್ವಾರ್ ಸಿನಿಮಾವನ್ನು ಕತ್ತರಿಸಲು ಕೂತ. ಮೊದಲೇ ಕತ್ತರಿಸಿದ್ದನ್ನು ಇನ್ನಷ್ಟು ಕತ್ತರಿಸಿದ. ಏನನ್ನು ಕತ್ತರಿಸಿದ ಅಂದುಕೊಂಡಿರಿ? ಬೇಟೆಯನ್ನಲ್ಲ. ಹೆಚ್ಚಾಗಿ ತನ್ನನ್ನೇ. ಜನ ಹಾಗೆ ತಿರಸ್ಕರಿಸಿದ ಮೇಲೆ ಪರದೆಯ ಮೇಲೆ ತನ್ನ ಮುಖ ತೋರಿಸಲು ನಾಚಿಕೆಯಾದಂತಾಗಿ ತಾನಿರುವ ದೃಶ್ಯಗಳನ್ನೇ ತೆಗೆದೆ ಅಂತ ಆತ್ಮಕಥೆಯಲ್ಲಿ ಬರೆದಿದ್ದಾನೆ. ನಟನಿಗೆ ಬೈದರು ಅಂತ ನಿರ್ದೇಶಕ ನಟನನ್ನು ಕೈಬಿಟ್ಟ, ಇಬ್ಬರೂ ಒಬ್ಬನೇ. ಅಷ್ಟು ಮಾಡಿದರೂ ಸಿನಿಮಾ ಓಡಲಿಲ್ಲ. 1942ರಲ್ಲಿ ಮಿತ್ರರಾಷ್ಟ್ರಗಳ ವಿಮಾನಗಳು ಪ್ಯಾರಿಸ್ ಪಕ್ಕದ ಬುಲೋನ್ ಮೇಲೆ ಬಾಂಬು ಹಾಕಿದಾಗ ಅಲ್ಲಿನ ಲ್ಯಾಬಿನಲ್ಲಿದ್ದ ಮೂಲ ನೆಗೆಟಿವ್ ಕೂಡ ಸುಟ್ಟುಹೋಯಿತು.

ನೀವು ಇವತ್ತು ಫೋನಿನಲ್ಲಿ ಒಂದೂವರೆ ಪಟ್ಟು ಸ್ಪೀಡಿನಲ್ಲಿ ಓಡಿಸುವುದಿದೆಯಲ್ಲ, ಅದು ಇರುವುದೇ ಜಾನ್ ಗಾಬೋರಿ, ಜಾಕ್ ಮಾರೆಶಾಲ್ ಅನ್ನುವ ಇಬ್ಬರಿಂದ. ಸಿನಿಮಾದ ಹಕ್ಕು ಕೊಂಡು, ಲ್ಯಾಬು ಲ್ಯಾಬು ಅಲೆದು, 200ಕ್ಕೂ ಹೆಚ್ಚು ಡಬ್ಬಿ ಹುಡುಕಿ ತಂದರು. ಬಾಂಬಿನಿಂದ ಉಳಿದ ತುಂಡು, ಬೇಡ ಅಂತ ಎಸೆದಿದ್ದ ತುಂಡು, ಬರೀ ಧ್ವನಿಯ ಪಟ್ಟಿ. ರೆನ್ವಾರನನ್ನೇ ಕೇಳಿಕೊಂಡು ಒಂದಕ್ಕೊಂದು ಜೋಡಿಸಿದರು. 1959ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ತೋರಿಸಿದಾಗ ಸಿನಿಮಾ ಒಂದು ಗಂಟೆ 46 ನಿಮಿಷ ಇತ್ತು. ಸಿಗದೆ ಹೋಗಿದ್ದು ಒಂದೇ ಒಂದು ದೃಶ್ಯ ಅಂತ ರೆನ್ವಾರ್ ಹೇಳಿದ. ಹಿಂದಿನ ವರ್ಷವಷ್ಟೇ ತೀರಿಕೊಂಡಿದ್ದ ವಿಮರ್ಶಕ ಆಂದ್ರೆ ಬಜಾನ್‌ಗೆ ಅದನ್ನು ಅರ್ಪಿಸಿದರು. ಸಿಳ್ಳೆ ಹೊಡೆಸಿಕೊಂಡ ಸಿನಿಮಾ 1972ರಲ್ಲಿ, 1982ರಲ್ಲಿ, 1992ರಲ್ಲಿ 'ಸೈಟ್ ಅಂಡ್ ಸೌಂಡ್' ಪತ್ರಿಕೆಯ ವಿಮರ್ಶಕರ ಮತದಲ್ಲಿ ಲೋಕದ ಎರಡನೇ ಒಳ್ಳೆಯ ಸಿನಿಮಾ ಅನ್ನಿಸಿಕೊಂಡಿತು. ಈ ಪಟ್ಟಿಯ ಮೇಲೆ ನನಗೇನೂ ದೊಡ್ಡ ನಂಬಿಕೆಯಿಲ್ಲ. ಕ್ಯಾಂಟೀನಿನಲ್ಲಿ ವಾದ ಗೆಲ್ಲಲು ಮಾತ್ರ ಬಳಸುತ್ತೇನೆ.

ಡಬ್ಬಿಗಳಿಂದ ವಾಪಸ್ ಬಂದವನು ಮುಖ್ಯವಾಗಿ ಆಕ್ಟಾವ್. ಕತ್ತರಿಸಿದ ಸಿನಿಮಾದಲ್ಲಿ ಅವನು ಕೋಟು ಕೊಡುವುದು ತ್ಯಾಗದ ಹಾಗೆ ಕಾಣುತ್ತಿತ್ತು. ಪೂರ್ತಿ ಸಿನಿಮಾದಲ್ಲಿ ಅವನ ಆಸೆ ಕಾಣುತ್ತದೆ, ಆಮೇಲೆ ಅವನ ಹೆದರಿಕೆ ಕಾಣುತ್ತದೆ. ಕನ್ನಡಿ ನೋಡಿಕೊಂಡು ಹಿಂದೆ ಸರಿದ ಒಬ್ಬ ಮಧ್ಯವಯಸ್ಸಿನ ಮನುಷ್ಯ. ಇದು ಕಾಮಿಡಿಯಾ ಟ್ರ್ಯಾಜಿಡಿಯಾ ಅಂತ ನನ್ನನ್ನು ಕೇಳಬೇಡಿ. ಟೈಟಲ್ ಕಾರ್ಡಿನಲ್ಲೇ ಇದೊಂದು ಮನರಂಜನೆ, ಸಮಾಜದ ನಡತೆಯ ಅಧ್ಯಯನ ಅಂತ ತಿಳಿಯಬೇಡಿ ಅಂತ ಬರೆದುಬಿಟ್ಟಿದ್ದಾನೆ. ಕಳ್ಳ.

ದೊಡ್ಡಮ್ಮ ಊರಿಗೆ ಹೋದರು. ಕಾರ್ಡನ್ನೂ ತೆಗೆದುಕೊಂಡು ಹೋದರು, ಯಾಕೋ ಗೊತ್ತಿಲ್ಲ. ಒಂದು ತಿಂಗಳಾದ ಮೇಲೆ ಫೋನ್ ಮಾಡಿದರು. ಕಣ್ಣಿನ ಡ್ರಾಪ್ಸ್, ತಂಗಿಯ ಮಗಳ ಸೀಮಂತ, ತೆಂಗಿನಕಾಯಿ ರೇಟು, ಎಲ್ಲ ಆಯಿತು.

"ಅವತ್ತಿನ ಕರಡಿ ವೇಷದವನು ಆಮೇಲೆ ಏನಾದ್ನೋ?"

"ಸಿನಿಮಾದಲ್ಲಾ? ಕೊನೇಲಿ ರಾತ್ರೋರಾತ್ರಿ ಹೊರಟುಹೋದ್ನಲ್ಲ ದೊಡ್ಡಮ್ಮ."

"ಅದಲ್ಲ. ನಿಜವಾದವನು."

ಹೇಳಿದೆ. ಯುದ್ಧ ಬಂತು, ಜರ್ಮನ್ನರು ಬಂದರು, ಅವನು ಅಮೆರಿಕಕ್ಕೆ ಹೋದ. ಅಲ್ಲೇ ಉಳಿದ, 1979ರಲ್ಲಿ ಅಲ್ಲೇ ತೀರಿಕೊಂಡ. ನಡುವೆ ನಮ್ಮ ದೇಶಕ್ಕೂ ಬಂದಿದ್ದ, 1949ರಲ್ಲಿ, ಕಲ್ಕತ್ತಾಕ್ಕೆ. ಗಂಗೆಯ ದಡದಲ್ಲಿ ಬಣ್ಣದ ಸಿನಿಮಾ ತೆಗೆದ. ಜಾಗ ಹುಡುಕಲು ಅವನ ಜೊತೆ ಓಡಾಡಿದ ಹುಡುಗ ಆಗ ಜಾಹೀರಾತು ಕಂಪನಿಯಲ್ಲಿ ಕೆಲಸ ಮಾಡುತ್ತಿದ್ದ, ಆಮೇಲೆ ಅವನೂ ಸಿನಿಮಾ ಮಾಡಿ ದೊಡ್ಡ ಹೆಸರು ಮಾಡಿದ, ಸತ್ಯಜಿತ್ ರಾಯ್ ಅಂತ.

ರಾಯ್ ಬಗ್ಗೆ ಅವರಿಗೆ ಆಸಕ್ತಿ ಇರಲಿಲ್ಲ. "ಬಣ್ಣದ್ದಾ? ಮತ್ತೆ ಅದನ್ನ ಯಾಕೆ ಹಾಕ್ಲಿಲ್ಲ ನೀನು?" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದರು. "ಅದರಲ್ಲೂ ಮೊಲ ಸಾಯುತ್ತಾ?"

"ಇಲ್ಲ."

"ಅವತ್ತಿಂದು ಟ್ರಿಕ್ಕಲ್ಲ ಅಲ್ವಾ?"

"ಅಲ್ಲ ದೊಡ್ಡಮ್ಮ."

"ನಂಗೊತ್ತಿತ್ತು ಬಿಡು. ಹೊಸ ಕಣ್ಣು ನಂದು." ಆಮೇಲೆ, "ಇದರಲ್ಲಿ ಏನಿದೆ ಮತ್ತೆ?"

"ಒಂದು ನಾಗರಹಾವಿದೆ."

"ನಿಜವಾದ್ದಾ?"